ಬಟನ್ ಅಣಬೆ ಕಂದದಂತೆ ಕಾಯುವುದು: ನನ್ನ ಅನುಭವ

ಆಗಷ್ಟೇ ಕಿತ್ತ ಬಟನ್ ಅಣಬೆಯ ಟೊಪ್ಪಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ತಕ್ಷಣಕ್ಕೆ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ತಿಳಿಗುಲಾಬಿ, ಆಮೇಲೆ ಇಟ್ಟಿಗೆಗೆಂಪು, ಕೊನೆಗೆ ಕಂದು. ಅದು ಕೊಳೆತದ್ದಲ್ಲ, ಮೆಲನಿನ್. ನಮ್ಮ ಕೂದಲನ್ನು ಕಪ್ಪಾಗಿಸುವ ವರ್ಣದ್ರವ್ಯದ ಬಳಗದ್ದೇ.

ಅಣಬೆಯ ಕೋಶದೊಳಗೆ ಟೈರೋಸಿನ್ ಎಂಬ ಅಮೈನೊ ಆಮ್ಲ ಮತ್ತು ಫೀನಾಲ್ ಎಂಬ ಬಗೆಯ ಇನ್ನಿತರ ಸಂಯುಕ್ತಗಳಿವೆ. ಇವಕ್ಕೆ ಬಣ್ಣವಿಲ್ಲ. ತಾಮ್ರವಿರುವ ಟೈರೋಸಿನೇಸ್ ಕಿಣ್ವ ಇವುಗಳಿಂದ ಬೇರೆಯಾಗಿ, ಬಹುಪಾಲು ಸುಪ್ತವಾಗಿ ಇರುತ್ತದೆ. ಕೋಶ ಒಡೆದರೆ ಎರಡೂ ಗಾಳಿಯ ಆಮ್ಲಜನಕದ ಜೊತೆ ಸೇರುತ್ತವೆ. ಟೈರೋಸಿನ್ ಡೋಪಾ ಎಂಬ ಸಂಯುಕ್ತವಾಗುವುದು ನಿಧಾನ, ಮೊದಲು ಏನೂ ಕಾಣದಿರುವುದು ಅದಕ್ಕೇ. ಡೋಪಾ ಡೋಪಾಕ್ವಿನೋನ್ ಆಗುವುದು ಬಲು ಬೇಗ. ಅದರಿಂದ ಕೆಂಪು ಛಾಯೆಯ ಡೋಪಾಕ್ರೋಮ್, ಅದೆಲ್ಲ ಸರಪಳಿಗಟ್ಟಿದರೆ ಮೆಲನಿನ್.

ಹಾಗಾಗಿ ಅಣಬೆ ಅದ್ದುವ ಯಾವ ದ್ರಾವಣಕ್ಕಿಂತಲೂ ಕೋಶ ಒಡೆಯದ ಹಗುರ ಕೈಯೇ ಮುಖ್ಯ. ಟೊಪ್ಪಿಯನ್ನು ಹಗುರವಾಗಿ ಹಿಡಿದು ತಿರುಚಿ ಎತ್ತುತ್ತೇನೆ. ಬುಡವನ್ನು ಸ್ಟೀಲ್ ಚಾಕುವಿನಿಂದ ಕತ್ತರಿಸುತ್ತೇನೆ. ಕಬ್ಬಿಣ ತಾಗಿದರೆ ಫೀನಾಲ್ ಜೊತೆ ಸೇರಿ ಕಪ್ಪು ಕಲೆ ಕೂರುತ್ತದೆ. ಬಕೆಟ್ಟಿಗೆ ಎಸೆಯುವುದಿಲ್ಲ, ಟ್ರೇಯಲ್ಲಿ ಎರಡು ಪದರಕ್ಕಿಂತ ಹೆಚ್ಚು ಪೇರಿಸುವುದಿಲ್ಲ. ನಂತರ ನೇರ 2–4 ಡಿಗ್ರಿ ಸೆಲ್ಸಿಯಸ್‌ಗೆ.

ಮುಟ್ಟದ ಅಣಬೆಯ ಮೇಲೂ ಹಳದಿಗಂದು ತಗ್ಗು ಚುಕ್ಕೆ ಬಂದರೆ ಸೂಡೊಮೊನಾಸ್ ಟೊಲಾಸಿ ಬ್ಯಾಕ್ಟೀರಿಯಾವನ್ನು ಶಂಕಿಸಿ. ಅದರ ವಿಷ ಕೋಶದ ಪೊರೆಯನ್ನು ತೂತು ಮಾಡುತ್ತದೆ, ಮುಂದಿನ ಕೆಲಸವನ್ನು ಅದೇ ಕಿಣ್ವ ಮುಗಿಸುತ್ತದೆ. ಒದ್ದೆ ಟೊಪ್ಪಿಯ ಮೇಲೆ ಈ ಬ್ಯಾಕ್ಟೀರಿಯಾ ಬೆಳೆಯುವುದರಿಂದ, ನೀರು ಕೊಟ್ಟ ಮೇಲೆ ಟೊಪ್ಪಿ 2–3 ಗಂಟೆಯೊಳಗೆ ಆರುವಂತೆ ಗಾಳಿ ಆಡಿಸಬೇಕು. ಪ್ಯಾಕೆಟ್ಟಿನೊಳಗೆ ಬೆವರು ಕಟ್ಟಿದರೂ ಇದೇ ಗತಿ, ಅದಕ್ಕೇ ರಂಧ್ರ ಬೇಕು.

ಹೋಳು ಮಾಡಿದ ಅಣಬೆಗೆ 10 ಲೀಟರ್ ತಣ್ಣೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, 10 ಗ್ರಾಂ ಆಸ್ಕಾರ್ಬಿಕ್ ಆಮ್ಲ ಹಾಕಿ 2 ನಿಮಿಷ ಅದ್ದಿ, ಬಸಿದು, ಫ್ಯಾನಿನಡಿ ಹರಡುತ್ತೇನೆ. ಸಿಟ್ರಿಕ್ ಆಮ್ಲ ಹುಳಿ ಏರಿಸಿ ಕಿಣ್ವವನ್ನು ಕುಗ್ಗಿಸುತ್ತದೆ, ತಾಮ್ರವನ್ನೂ ಹಿಡಿದಿಡುತ್ತದೆ. ಆಸ್ಕಾರ್ಬಿಕ್ ಆಮ್ಲದ ದಾರಿಯೇ ಬೇರೆ: ಹುಟ್ಟಿದ ಕ್ವಿನೋನನ್ನು ಹಿಂದಿನ ಬಣ್ಣವಿಲ್ಲದ ರೂಪಕ್ಕೆ ತಿರುಗಿಸುತ್ತಾ ತಾನೇ ಖರ್ಚಾಗಿಹೋಗುತ್ತದೆ. ಅದು ಮುಗಿದ ಕ್ಷಣದಿಂದ ಕಂದುವುದು ಮತ್ತೆ ಶುರು. ನಿನ್ನೆಯ ದ್ರಾವಣ ಇಂದಿಗೆ ಬಾರದು. ತಾಮ್ರದ ಪಾತ್ರೆಯಲ್ಲಂತೂ ಬೇಗ ಹಾಳಾಗುತ್ತದೆ. ಮನೆಮಟ್ಟಿಗೆ ಲೀಟರಿಗೆ ಸುಮಾರು 100 ಮಿಲಿ ನಿಂಬೆರಸ ಸಾಕು. ಇಡೀ ಅಣಬೆ ಮಾರುವುದಿದ್ದರೆ ಅದ್ದಲೇಬೇಡಿ, ನೀರು ಕುಡಿದ ಅಣಬೆ ಬೇಗ ಜಿಗುಟಾಗುತ್ತದೆ.

ಮೆಟಾಬೈಸಲ್ಫೈಟ್ ಎಂಬ ಸಲ್ಫೈಟ್ ಲವಣದ ನೀರಿನಲ್ಲಿ ತೊಳೆದರೆ ಕಣ್ಣು ಕುಕ್ಕುವ ಬಿಳುಪು ಬರುತ್ತದೆ, ನಿಜ. ಆದರೆ ಸಲ್ಫೈಟ್ ಕೆಲವು ಆಸ್ತಮಾ ರೋಗಿಗಳಿಗೆ ಉಸಿರು ಕಟ್ಟಿಸುತ್ತದೆ. ನಾನು ಬಳಸುವುದಿಲ್ಲ, ಬಳಸುವವರು ಕೊಳ್ಳುವವರಿಗೆ ಹೇಳಲೇಬೇಕು.

ಒಣಗಿಸುವುದಕ್ಕೆ ಕಿಣ್ವವನ್ನು ಕೊಂದೇಬಿಡಬೇಕು. 5 ಲೀಟರ್ ಕುದಿಯುವ ನೀರಿಗೆ 1 ಕಿಲೋಗಿಂತ ಹೆಚ್ಚು ಹಾಕದೆ 3 ನಿಮಿಷ ಬಿಟ್ಟು, ತಕ್ಷಣ ತಣ್ಣೀರಿಗೆ. ಒಮ್ಮೆಗೇ ಜಾಸ್ತಿ ಸುರಿದರೆ ಕುದಿ ನಿಲ್ಲುತ್ತದೆ; ಆ ಉಗುರುಬೆಚ್ಚಗಿನ ಹಂತದಲ್ಲಿ ಕಿಣ್ವ ಸಾಯುವ ಬದಲು ಚುರುಕಾಗಿ, ಬಾಣಲೆಯಲ್ಲೇ ಹೋಳುಗಳು ಬೂದುಬಣ್ಣಕ್ಕೆ ತಿರುಗುತ್ತವೆ.