ಹೊಸ ಮಾತ್ರೆ ತಗೊಂಡವರಿಗೆ ಫೋನ್ ಮಾಡಿ ಔಷಧಿಯ ಅಡ್ಡ ಪರಿಣಾಮ (ಎಡಿಆರ್) ಹಿಡಿದಿದ್ದು: ನನ್ನ ಅನುಭವ

ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪ್ ಇಟ್ಕೊಂಡೋನು ಎಡಿಆರ್ ರಿಪೋರ್ಟ್ ಕಳಿಸೋದಾ, ಅದೆಲ್ಲ ಮೆಡಿಕಲ್ ಕಾಲೇಜಿನವರ ಕೆಲಸ ಮಾರಾಯ ಅಂತ ನಮ್ಮ ಬಳಗದವರೇ ಅಂದಿದ್ರು. ಈಗ ಅವರಲ್ಲೇ ಮೂರ್ನಾಲ್ಕು ಜನ ಹೆಂಗ್ ಮಾಡ್ತೀಯ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ. ಫಾರ್ಮ್ ತುಂಬೋದು ನಿಮಗೆ ಗೊತ್ತು, ಬಿಟ್ಟೆ.

ಹೊಸ ಔಷಧಿಗಳು ಈಗ ಬೇಗ ಬೇಗ ಬರ್ತಿವೆ, 2024ರ ಆಗಸ್ಟಲ್ಲಿ ಅಮೆರಿಕ, ಜಪಾನ್, ಯುರೋಪ್ ಇಂಥ ಕಡೆ ಒಪ್ಪಿಗೆ ಆದ ಕೆಲವು ಬಗೆಯವಕ್ಕೆ ಇಲ್ಲಿ ಟ್ರಯಲ್ ವಿನಾಯಿತಿ ಅಂತ ಆದೇಶಾನೂ ಬಂತು. ಕಂಪನಿ ಮೊದಲೆರಡು ವರ್ಷ ಆರು ತಿಂಗಳಿಗೊಮ್ಮೆ ಪಿಎಸ್‌ಯುಆರ್, ಅಂದ್ರೆ ಔಷಧಿ ಎಷ್ಟು ಸುರಕ್ಷಿತ ಅನ್ನೋ ವರದಿ, ಕೊಡ್ಬೇಕು, ಸರಿ, ಆದ್ರೆ ಹಳ್ಳಿಯಲ್ಲಿ ಆದದ್ದನ್ನ ಯಾರೂ ಹೇಳದೇ ಹೋದ್ರೆ ಅದರೊಳಗೆ ಬರೋದಾದ್ರೂ ಹೆಂಗೆ? ಶುಗರ್ ಮಾತ್ರೆ ಡಾಪಾಗ್ಲಿಫ್ಲೋಜಿನ್ನೇ ನೋಡಿ, ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ, 2015ರಲ್ಲೇ ಆ ಗುಂಪಿನ ಮಾತ್ರೆಗಳಿಗೆಲ್ಲ ಕೀಟೋಅಸಿಡೋಸಿಸ್ (ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರೋದು) ಎಚ್ಚರಿಕೆ.

ಮೊದಲು ತೊಂದರೆ ಆದ್ರೆ ಬರೆದು ಕೊಡಿ ಅಂತ ಕನ್ನಡದಲ್ಲಿ ಕಾರ್ಡ್ ಮಾಡಿಸಿದೆ, ಶಿವಮೊಗ್ಗದಲ್ಲಿ ಪ್ರಿಂಟ್, 2500 ರೂಪಾಯಿ ಹತ್ರ ಹೋಯ್ತು, ಒಂದು ಕಾರ್ಡೂ ವಾಪಸ್ ಬರಲಿಲ್ಲ. ಆಮೇಲೆ ವಾಟ್ಸಾಪ್ ಗುಂಪು, ಅದ್ರಲ್ಲಿ ಅಡಿಕೆ ಧಾರಣೆ ಬಿಟ್ರೆ ಬೇರೆ ಮಾತಿಲ್ಲ. ಕೊನೆಗೆ ನಾನೇ ಫೋನ್ ಹಿಡಿದೆ, ಮಾತ್ರೆ ಕೊಟ್ಟು ವಾರ ಆದ್ಮೇಲೆ ಒಂದ್ಸಲ, ಮತ್ತೆ ತಿಂಗಳ ಹೊತ್ತಿಗೆ. ಖರ್ಚು ತಿಂಗಳಿಗೆ 300 ಚಿಲ್ಲರೆ ರೀಚಾರ್ಜ್ ಅಷ್ಟೇ.

ಸೈಡ್ ಎಫೆಕ್ಟ್ ಇದೆಯಾ ಅಂದ್ರೆ "ಎಂಥದೂ ಇಲ್ಲ ಅಣ್ಣ" ಅಂತಾರೆ. ಊಟ, ನಿದ್ದೆ, ಉಚ್ಚೆ ಅಂತ ಒಂದೊಂದೇ ಕೇಳ್ಬೇಕು. ಯಾವ ಕ್ರಮದಲ್ಲಿ ಅನ್ನೋದು ನನ್ನ ಹತ್ರಾನೇ ಇರ್ಲಿ, ಅದನ್ನ ಕಲಿಯೋಕೆ ಒಂದು ಮಳೆಗಾಲ ಪೂರ್ತಿ ಹೋಗಿದೆ. ಹೆಂಗಸರಿಗೆ ಡಾಪಾಗ್ಲಿಫ್ಲೋಜಿನ್ನಿಂದ ಕೆಳಗೆ ತುರಿಕೆ ಬಂದ್ರೆ ನನ್ನ ಹತ್ರ ಬಾಯಿ ಬಿಡಲ್ಲ, ನನ್ನ ಹೆಂಡ್ತಿನೂ ಡಿ.ಫಾರ್ಮಾ, ಅವಳು ಫೋನ್ ಮಾಡೋಕೆ ಶುರು ಮಾಡಿದ್ಮೇಲೆ "ಅಕ್ಕ, ನಿಮ್ಮತ್ರ ಹೇಳ್ಬೋದಲ್ಲ" ಅಂತ ಒಬ್ಬೊಬ್ಬರೇ ಹೇಳಿದ್ರು.

ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಇದೇ ಮಾತ್ರೆ ತಗೋತಿದ್ದ ಒಬ್ಬರ ಕೇಸಲ್ಲಿ. ಜ್ವರ ಬಂದು ಎರಡು ದಿನ ಗಂಜಿನೂ ಸರಿಯಾಗಿ ಕುಡಿದಿಲ್ಲ, ಮಾತ್ರೆ ಮಾತ್ರ ತಪ್ಸಿಲ್ಲ, ವಾಂತಿ, ಏದುಸಿರು. ಶುಗರ್ ತೀರಾ ಏರದೇ 200ರ ಆಸುಪಾಸು ಇದ್ದಿದ್ದಕ್ಕೆ ಮನೆಯವರು ಗ್ಯಾಸ್ಟ್ರಿಕ್ ಅಂದ್ಕೊಂಡಿದ್ರು. ಮಾತ್ರೆ ನಿಲ್ಸಿ, ಈಗ್ಲೇ ಶಿವಮೊಗ್ಗಕ್ಕೆ ಹೊರಡಿ, ಕೀಟೋನ್ ನೋಡಿಸಿ ಅಂದೆ. ಕೀಟೋನ್ ಇತ್ತು, ಜೀವ ಉಳೀತು. ಇದೆಲ್ಲ ಯಾಕ್ರೀ ಅಂತಿದ್ದ ಡಾಕ್ಟರ್ರೇ ಈಗ ಚೀಟಿ ಮೇಲೆ "ಫಾಲೋಅಪ್ ಮಾಡಿ" ಅಂತ ಬರೆದು ಕಳಿಸ್ತಾರೆ.

ಇನ್ನೊಂದು ವಿಷ್ಯ ಬ್ಯಾಚ್ ನಂಬರ್. ಸ್ಟ್ರಿಪ್ಪನ್ನ ಕತ್ತರಿಲಿ ಅರ್ಧ ಮಾಡಿ ಕೊಟ್ರೆ ಬ್ಯಾಚ್, ಎಕ್ಸ್‌ಪೈರಿ ಇರೋ ತುಂಡು ನಮ್ಮ ಡಬ್ಬಿಲೇ ಉಳಿಯುತ್ತೆ, ರಿಪೋರ್ಟಲ್ಲಿ ಆ ಜಾಗ ಖಾಲಿ. ಕತ್ತರಿಸೋ ಮೊದಲು ಫೋಟೋ ತೆಗೆದು ಬಿಲ್ ನಂಬರ್ ಜೊತೆ ಇಟ್ಕೊಳ್ಳಿ.

ಮಧ್ಯೆ ಕಷಾಯದ ಪಟ್ಟಿನೂ ಮಾಡ್ದೆ. ಅಮೃತಬಳ್ಳಿ ಕುಡಿಯೋರು ಅದನ್ನ ಔಷಧಿ ಅಂತ ಲೆಕ್ಕಕ್ಕೇ ಹಿಡಿಯಲ್ಲ, ಫಾರ್ಮಲ್ಲಿ ಗಿಡಮೂಲಿಕೆಗೂ ಜಾಗ ಇದೆ, ಬರೀರಿ. ಅಡಿಕೆ ಕೊನೆ ಕೊಯ್ಲಿನ ಟೈಮಲ್ಲಿ ಹಗಲು ಯಾರೂ ಫೋನ್ ಎತ್ತಲ್ಲ, ರಾತ್ರಿ ಊಟದ ಮೇಲೆ ಮಾಡಿ.

ಅನುಮಾನ ಇದ್ರೆ ಸಾಕು, ಸಾಬೀತು ಮಾಡೋದು ನಮ್ಮ ಕೆಲಸ ಅಲ್ಲ. ರೋಗಿ, ಔಷಧಿ, ಏನಾಯ್ತು, ಹೇಳ್ತಿರೋರು ಯಾರು, ಈ ನಾಲ್ಕು ಇದ್ರೆ ರಿಪೋರ್ಟ್ ತಗೋತಾರೆ. ಫಾರ್ಮ್ ಬೇಜಾರಾದ್ರೆ ಎಡಿಆರ್ ಹೇಳೋ ಸರ್ಕಾರಿ ಸಹಾಯವಾಣಿ 1800-180-3024ಗೆ ಫೋನ್ ಮಾಡಿ, ದುಡ್ಡಿಲ್ಲ. ಹೊಸನಗರದ ಗೆಳೆಯ ಶುರು ಮಾಡ್ತೀನಿ ಅಂದಿದಾನೆ, ಮೊದಲು ಫೋನ್ ಮಾಡೋಕೆ ಒಬ್ಬ ಹೆಣ್ಮಗಳನ್ನ ಹುಡುಕ್ಕೋ ಅಂತ ಹೇಳಿದೀನಿ.