ರಾಜಮನೆತನದೋರು ರಿಹ್ಯಾಬ್ ಸೆಂಟರ್‌ಗೆ ಬರ್ತಾರೆ ಅಂದ್ರೆ ಮೊದ್ಲು ನೆಲ ಪಾಲಿಶ್ ಮಾಡೋದು ನಿಲ್ಸಿ

ನಮ್ಮ ಕಡೆ ಮಿನಿಸ್ಟರ್ ಬರ್ತಾರೆ ಅಂದ್ರೆ ರಾತ್ರೋರಾತ್ರಿ ರೋಡಿಗೆ ಡಾಂಬರು ಬೀಳತ್ತಲ್ಲ, ಇಂಗ್ಲೆಂಡಲ್ಲೂ ಅದೇ ಕಥೆ, ರಾಣಿ ಹೋದಲ್ಲೆಲ್ಲಾ ಹೊಸ ಪೇಂಟ್ ವಾಸ್ನೇನೇ ಅಂತ ಇಲ್ಲಿ ಹಳೇ ಜೋಕೇ ಇದೆ. ನಾನಿಲ್ಲಿ ಫಿಸಿಯೋ, ಗಾಯಾಳು ಸೈನಿಕರ ಜೊತೆ ಕೆಲ್ಸ ಮಾಡಿದೀನಿ. ಈ ಕೆಲ್ಸಕ್ಕೆ ಹೊಸದಾಗಿ ಬಂದಿರೋ ಕನ್ನಡದ ನರ್ಸು, ಫಿಸಿಯೋಗಳಿಗೆ ಉಪಯೋಗ ಆಗ್ಲಿ ಅಂತ ಬರಿತಿದೀನಿ.

ಪ್ರೋಟೋಕಾಲ್‌ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಯಾರು ಎಷ್ಟೊತ್ತಿಗೆ ಎಲ್ಲಿ ನಿಲ್ಬೇಕು ಅನ್ನೋದನ್ನ ಆ ಕೌಂಟಿಯ (ನಮ್ಮ ಜಿಲ್ಲೆ ಇದ್ದಂಗೆ) ಲಾರ್ಡ್ ಲೆಫ್ಟಿನೆಂಟ್, ಅಂದ್ರೆ ಅಲ್ಲಿ ರಾಜನ ಪ್ರತಿನಿಧಿ, ಅವರ ಆಫೀಸ್‌ನೋರು ಬಂದು ಹೇಳ್ತಾರೆ. ರಾಜನಿಗೆ ಮೊದಲ ಸಲ 'ಯುವರ್ ಮೆಜೆಸ್ಟಿ', ಆಮೇಲೆ ಬರೀ 'ಸರ್'. ತಲೆ ಬಗ್ಗಿಸೋದು ಕಡ್ಡಾಯ ಅಲ್ಲ.

ನಿಜವಾದ ತಯಾರಿ ಪೇಷಂಟ್ ಕಡೇದು. ನೆಲ ಮಿರಿಮಿರಿ ಅಂತಿದ್ರೆ ಊರುಗೋಲು ಜಾರತ್ತೆ, ನಾನಿದ್ದ ಒಂದು ಕಡೆ ಹಿಂದಿನ ದಿನ ಪಾಲಿಶ್ ಹೊಡ್ಸಿ, ವಿಸಿಟ್‌ಗೆ ಹತ್ತೇ ನಿಮಿಷ ಇರೋವಾಗ ರಬ್ಬರ್ ಮ್ಯಾಟ್ ಹುಡುಕ್ತಾ ಓಡಾಡಿದ್ವಿ! ಇನ್ನೊಂದು, ಹೊಸ ಶೂ. ಕೃತಕ ಕಾಲನ್ನ ಒಂದು ಹಿಮ್ಮಡಿ ಎತ್ತರಕ್ಕೆ ಅಂತ ಸೆಟ್ ಮಾಡಿರ್ತಾರೆ, ದಿನಾ ಸ್ಪೋರ್ಟ್ಸ್ ಶೂ ಹಾಕೋ ಹುಡುಗ ಅವತ್ತು ಯೂನಿಫಾರ್ಮ್ ಶೂ ಹಾಕಿದ್ರೆ ಮೈ ಪೂರ್ತಿ ಮುಂದಕ್ಕೆ ತಳ್ದಂಗಾಗತ್ತೆ, ಅದಕ್ಕೆ ಆ ಶೂನ ವಾರ ಮುಂಚೆನೇ ತರಿಸಿ ಪ್ರಾಸ್ಥೆಟಿಸ್ಟ್ (ಕೃತಕ ಕಾಲು ಹೊಂದಿಸೋರು) ಹತ್ರ ತೋರ್ಸಿ. ಸಾಲಾಗಿ ನಿಲ್ಸಿ ಕಾಯಿಸೋದಂತೂ ಬೇಡ್ವೇ ಬೇಡ. ನಿಂತೂ ನಿಂತೂ, ಕತ್ತರಿಸಿ ಉಳಿದಿರೋ ಕಾಲಿನ ತುದಿ ಸಾಕೆಟ್ (ಕೃತಕ ಕಾಲಿನ ಮೇಲ್ಭಾಗದ ಬಟ್ಟಲು) ಒಳಗೆ ಉಜ್ಜಿ ಕೆಂಪಾಗತ್ತೆ, ಮಾರನೇ ದಿನದ ಟ್ರೇನಿಂಗ್ ಹೋಯ್ತು.

ಜಿಮ್ ಸೆಷನ್ ನಿಲ್ಲಿಸ್ಬೇಡಿ, ಅದು ನಡೀತಿರೋವಾಗ್ಲೇ ಅತಿಥಿ ಬರ್ಲಿ. ವೀಲ್‌ಚೇರ್ ಪಕ್ಕ ಒಂದು ಕುರ್ಚಿ ಖಾಲಿ ಇಡಿ, ಕೂತು ಮಾತಾಡಿದ್ರೆ ಕಣ್ಣಿಗೆ ಕಣ್ಣು ಸಿಗತ್ತೆ. ಬಲಗೈ ಇಲ್ಲದವ್ರು ಯಾರು ಅಂತ ಮೊದ್ಲೇ ಹೇಳಿರಿ, ಅತಿಥಿ ಎಡಗೈ ಚಾಚ್ತಾರೆ. ತಲೆಗೆ ಪೆಟ್ಟಾದವ್ರಿಗೆ ಗದ್ದಲ, ಫ್ಲಾಶ್ ಆಗಲ್ಲ, ಅವ್ರನ್ನ ಬೇರೆ ರೂಮಲ್ಲಿ ಇಬ್ಬಿಬ್ರನ್ನಾಗಿ ಭೇಟಿ ಮಾಡ್ಸಿ.

ಯಾರಾದ್ರೂ 'ನಂಗೆ ಬೇಡ' ಅಂದ್ರೆ ಒತ್ತಾಯ ಮಾಡ್ಬೇಡಿ, ಅವರ ಕರ್ನಲ್ ಹೇಳಿದ್ರೂ ಅಷ್ಟೇ. ಫೋಟೋಗೆ ಬೇರೆ ಒಪ್ಪಿಗೆ ತಗೊಳ್ಳಿ. ಈ ಫೋಟೋ ವಿಷ್ಯ ಹೊಸದೇನಲ್ಲ. 1915ರ ಜನವರಿಯಲ್ಲಿ ರಾಜ ಐದನೇ ಜಾರ್ಜ್, ರಾಣಿ ಮೇರಿ ಬ್ರೈಟನ್ ಪೆವಿಲಿಯನ್‌ಗೆ (ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆ ಮಾಡಿದ್ದ ಹಳೇ ಅರಮನೆ) ಹೋಗಿದ್ರು, ಅಲ್ಲಿ ಗಾಯಾಳು ಭಾರತೀಯ ಸಿಪಾಯಿಗಳಿದ್ರು, ಅದೇ ವರ್ಷ ಆಗಸ್ಟ್‌ನಲ್ಲಿ ರಾಜ ಮತ್ತೆ ಬಂದು ಬೆಲ್ಜಿಯಂನ ಈಪ್ರ್ (Ypres) ಯುದ್ಧದಲ್ಲಿ ವಿಷಾನಿಲ ಕುಡಿದಿದ್ದ ಜಮಾದಾರ್ ಮೀರ್ ದಸ್ತ್‌ಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಕೊಟ್ರು. ಬ್ರೈಟನ್ ಆಸ್ಪತ್ರೆ ಫೋಟೋಗಳು ಪ್ರಚಾರಕ್ಕೂ ಚೆನ್ನಾಗೇ ಬಳಕೆಯಾದ್ವು. ಅಲ್ಲಿ ಜಾತಿ ಧರ್ಮ ನೋಡಿ 9 ಅಡುಗೆಮನೆ ಇಟ್ಟಿದ್ರಂತೆ, ಆ ಊಟದ ಕಾಳಜಿ ಮಾತ್ರ ನಂಗೆ ಇಷ್ಟ ಆಯ್ತು.

ಈಗ ಇಂಥ ದೊಡ್ಡ ಸೆಂಟರ್ ನಾಟಿಂಗ್‌ಹ್ಯಾಮ್‌ಶೈರ್‌ನ ಸ್ಟ್ಯಾನ್‌ಫರ್ಡ್ ಹಾಲ್. 2018ರಲ್ಲಿ ಸರ್ರೆಯ ಹೆಡ್ಲಿ ಕೋರ್ಟ್ ಅನ್ನೋ ಹಳೇ ಸೈನಿಕ ರಿಹ್ಯಾಬ್ ಸೆಂಟರ್‌ನ ಕೆಲ್ಸ ಅಲ್ಲಿಗೆ ಹೋಯ್ತು, ಜೂನ್‌ನಲ್ಲಿ ನಡೆದ ಹೊಸ ಸೆಂಟರ್‌ನ ಹಸ್ತಾಂತರಕ್ಕೆ ಪ್ರಿನ್ಸ್ ವಿಲಿಯಂ ಬಂದಿದ್ರು.

ಅತಿಥಿ ಹೊರಟು ಕಾರು ಗೇಟ್ ದಾಟಿದ ತಕ್ಷಣ ಎಲ್ರೂ ಕೇಕ್ ಕಡೆ ಓಡ್ತಾರೆ. ನೀವು ಮೊದ್ಲು ಪೇಷಂಟ್‌ನ ಲೈನರ್ (ಸಾಕೆಟ್ ಒಳಗೆ ಚರ್ಮದ ಮೇಲೆ ಹಾಕೋ ಮೆತ್ತನೆ ಕವರ್) ತೆಗ್ಸಿ ಚರ್ಮ ನೋಡಿ.