ಬೆಂಗಳೂರಿನಿಂದ ಲಂಡನ್ನಿಗೆ ಎಷ್ಟು ಗಂಟೆ? ನೀವೇ ಲೆಕ್ಕ ಹಾಕಿ

ಮಗಳ ಮನೆಗೆ ಅಂತ ಮೊದಲ ಸಲ ಲಂಡನ್ನಿಗೆ ಹೊರಟ ನಮ್ಮ ದೊಡ್ಡಮ್ಮ ಟಿಕೆಟ್ ನೋಡಿ ಖುಷಿಯಾಗಿಬಿಟ್ಟರು. ಮಧ್ಯಾಹ್ನ 1ಕ್ಕೆ ಬೆಂಗಳೂರು ಬಿಡುತ್ತದೆ, ಸಂಜೆ 6:30ಕ್ಕೆ ಅಲ್ಲಿ. "ಐದೂವರೆ ಗಂಟೆ ಅಷ್ಟೇನಾ? ಊರಿಗೆ ಬಸ್ಸಲ್ಲಿ ಹೋದ್ರೆ ಇದಕ್ಕಿಂತ ಜಾಸ್ತಿ ಆಗುತ್ತೆ!"

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಹಾಗಾಗಿ ಮೊದಲು ಎರಡೂ ಊರಿನ ಸಮಯದ ವ್ಯತ್ಯಾಸ ನೋಡಿ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಅಲ್ಲಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ. ಹೋಗುವಾಗ ಇದನ್ನು ಕೂಡಿಸಬೇಕು, ಬರುವಾಗ ಕಳೆಯಬೇಕು. ದೊಡ್ಡಮ್ಮ ಹೊರಟಿದ್ದು ಜನವರಿಯಲ್ಲಿ. ಐದೂವರೆಗೆ ಐದೂವರೆ ಸೇರಿಸಿ, ಹನ್ನೊಂದು ಗಂಟೆ! ವಾಪಸ್ ಬರುವಾಗ ರಾತ್ರಿ 9ಕ್ಕೆ ಹೊರಟು ಮರುದಿನ ಮಧ್ಯಾಹ್ನ 12:30ಕ್ಕೆ ಇಳಿದರೆ ಗಡಿಯಾರ ಹದಿನೈದೂವರೆ ಗಂಟೆ ಅನ್ನುತ್ತದೆ, ನಿಜವಾಗಿ ಹತ್ತೇ.

ಇನ್ನು ದೂರ. ಗೋಡೆಯ ಮ್ಯಾಪಿನ ಮೇಲೆ ಸ್ಕೇಲು ಇಡಬೇಡಿ, ಭೂಮಿ ಗುಂಡಗಿದೆ. ಮಕ್ಕಳ ಗ್ಲೋಬ್ ತಗೊಂಡು ಬೆಂಗಳೂರಿನಿಂದ ಲಂಡನ್ನಿಗೆ ಒಂದು ದಾರ ಬಿಗಿಯಾಗಿ ಹಿಡಿಯಿರಿ. ಅದು ಪಾಕಿಸ್ತಾನದ ಬಲೂಚಿಸ್ತಾನ, ಇರಾನ್ ದಾಟಿ, ಅರ್ಧ ದಾರಿಗೆ ಕ್ಯಾಸ್ಪಿಯನ್ ಸಮುದ್ರದ ಪಕ್ಕದ ಅಜರ್‌ಬೈಜಾನ್ ಮುಟ್ಟಿ, ಕಪ್ಪು ಸಮುದ್ರ, ಉಕ್ರೇನ್ ಕಡೆಯಿಂದ ಹೋಗುತ್ತದೆ. ಈಗ ಅದೇ ದಾರವನ್ನು ಗ್ಲೋಬಿನ ಸೊಂಟಕ್ಕೆ, ಅಂದರೆ ಸಮಭಾಜಕ ರೇಖೆಗೆ ಸುತ್ತಿ. ಐದನೇ ಒಂದು ಭಾಗ ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್, ಹಾಗಾದರೆ ದೂರ 8,000. ಗ್ಲೋಬ್ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆಗೆದು ಬೆಂಗಳೂರಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಮೆಷರ್ ಡಿಸ್ಟೆನ್ಸ್' ಒತ್ತಿ, ಲಂಡನ್ ಮೇಲೆ ಕ್ಲಿಕ್ ಮಾಡಿದರಾಯಿತು. (ದಾರದಲ್ಲೇ ಮಜಾ ಜಾಸ್ತಿ.)

ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರ್ ಹಾರುತ್ತದೆ. ಭಾಗಿಸಿದರೆ ಒಂಬತ್ತು ಗಂಟೆ. ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದು ಅಂತ ಅರ್ಧ ಗಂಟೆ ಸೇರಿಸಿ, ಒಂಬತ್ತೂವರೆ. ಮತ್ತೆ ಟಿಕೆಟ್‌ನಲ್ಲಿ ಹನ್ನೊಂದು ಯಾಕೆ?

ಒಂದು ಕಾರಣ ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತದೆ, ಚಳಿಗಾಲದಲ್ಲಂತೂ ಇನ್ನೂ ಜೋರು. ಹೋಗುವಾಗ ಎದುರುಗಾಳಿ, ಬರುವಾಗ ಅದೇ ಬೆನ್ನಿಗೆ. ಇನ್ನೊಂದು, ದಾರ ತೋರಿಸಿದ ದಾರಿಯಲ್ಲಿ ವಿಮಾನ ಹೋಗುವ ಹಾಗಿಲ್ಲ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಉಕ್ರೇನ್ ಆಕಾಶ ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ದೇಶದ ವಿಮಾನಗಳಿಗೆ ಬಾಗಿಲು ಹಾಕಿತು. ಸುತ್ತಿ ಹೋಗಲೇಬೇಕು ಅಲ್ವಾ? ಅದಕ್ಕೇ ಒಂದೇ ದಿನ ಎರಡು ಕಂಪನಿಗಳ ವಿಮಾನಕ್ಕೆ ಬೇರೆ ಬೇರೆ ಸಮಯ ಕಂಡರೆ ಗಾಬರಿ ಬೇಡ.

ಇನ್ನು ದುಬೈ ಮೇಲೆ ಹೋದರೆ ಸಿಕ್ಕಾಪಟ್ಟೆ ಸುತ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೆಂಗಳೂರು–ದುಬೈ ಸುಮಾರು 2,700 ಕಿಲೋಮೀಟರ್, ದುಬೈ–ಲಂಡನ್ ಸುಮಾರು 5,500. ಒಟ್ಟು 8,200, ನೇರ ದೂರಕ್ಕಿಂತ ಇನ್ನೂರೋ ಏನೋ ಜಾಸ್ತಿ! ಹೊತ್ತು ತಿನ್ನುವುದು ನಡುವಿನ ಕಾಯುವಿಕೆ. ಅದು ಎರಡು ಗಂಟೆಗಿಂತ ಕಮ್ಮಿಯಿದ್ದು ಹೋಗುವವರು ವಯಸ್ಸಾದವರಾದರೆ, ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ.